ಹಳೇ ಫೈರ್‌ವಾಲ್‌ನಿಂದ ಹೊಸ ಬಾಕ್ಸ್‌ಗೆ: ಬ್ಯಾಕಪ್ ಫೈಲ್‌ನಲ್ಲಿ ಏನಿದೆ, ಏನಿಲ್ಲ

ಸಣ್ಣ ಆಫೀಸು, ಶಾಲೆ, ನರ್ಸಿಂಗ್ ಹೋಮ್, ಹೀಗೆ ಎಷ್ಟೋ ಕಡೆ ಒಂದು ಮೂಲೆಯಲ್ಲಿ ಫೈರ್‌ವಾಲ್ ಬಾಕ್ಸ್ ಇರುತ್ತದೆ. ಇಂಟರ್ನೆಟ್ ಲೈನ್ ಮೊದಲು ಅದರೊಳಗೆ ಬಂದು, ಆಮೇಲೆ ಉಳಿದ ಕಂಪ್ಯೂಟರ್‌ಗಳಿಗೆ ಹೋಗುತ್ತದೆ. ಒಮ್ಮೆ ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಬೇಕಾದಾಗ ಒಂದೊಂದು ರೂಲ್ ಸೇರಿಸುತ್ತಾರೆ, ಇನ್ನೊಂದು ಬ್ರಾಂಚ್‌ಗೆ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೇ ಗುಟ್ಟಾಗಿ ಸಾಗುವ ಸಂಪರ್ಕ ಹಾಕುತ್ತಾರೆ, ಪ್ರಿಂಟರ್‌ಗೆ ಒಂದು ಐಪಿ ವಿಳಾಸ ಕಾದಿರಿಸುತ್ತಾರೆ. ಮಾಡಿದವರು ಕೆಲಸ ಬಿಟ್ಟು ಹೋಗುತ್ತಾರೆ. ಒಂದು ದಿನ ಲೈನ್ ವೇಗ ಜಾಸ್ತಿಯಾಗಿ ಹಳೇ ಬಾಕ್ಸ್‌ಗೆ ತಾಳಿಕೊಳ್ಳಲು ಆಗುವುದಿಲ್ಲ, ಇಲ್ಲವೇ ಅದರ ಡಿಸ್ಕ್ ಕೈಕೊಡುತ್ತದೆ. ಆಗ ಹೊಸ ಬಾಕ್ಸ್ ಬರುತ್ತದೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಬ್ಯಾಕಪ್ ತಗೊಂಡು ರಿಸ್ಟೋರ್ ಮಾಡಿದರೆ ಆಯ್ತು, ಅಲ್ವಾ?

ಆಗುತ್ತದೆ, ಅರ್ಧ. ಬ್ಯಾಕಪ್ ಫೈಲ್‌ನಲ್ಲಿ ನೀವು ಮಾಡಿದ ತೀರ್ಮಾನಗಳೆಲ್ಲ ಇರುತ್ತವೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು, ಯಾವ ವಿಳಾಸ ಯಾರಿಗೆ, ಇವು ಯಾವ ಬಾಕ್ಸ್‌ಗೆ ಹೋದರೂ ಬದಲಾಗುವುದಿಲ್ಲ. ಅದೇ ಫೈಲ್‌ನಲ್ಲಿ ಹಳೇ ಯಂತ್ರದ ಮೈಕಟ್ಟಿಗೆ ಅಂಟಿಕೊಂಡ ಮಾತುಗಳೂ ಇರುತ್ತವೆ. ಅವು ಹೊಸ ಬಾಕ್ಸ್‌ನಲ್ಲಿ ಸುಳ್ಳಾಗುತ್ತವೆ. ಇನ್ನು ಕೆಲವು ವಿಷಯ ಫೈಲ್‌ನಲ್ಲೇ ಇರುವುದಿಲ್ಲ. ಇಂಟರ್ನೆಟ್ ಕೊಡುವ ಕಂಪನಿಯ ಯಂತ್ರದಲ್ಲಿ, ಸ್ವಿಚ್‌ನಲ್ಲಿ, ಆ ಕಡೆಯ ವಿಪಿಎನ್ ಬಾಕ್ಸ್‌ನಲ್ಲಿ ಹಳೇ ಬಾಕ್ಸ್‌ನ ಗುರುತು ಉಳಿದುಕೊಂಡಿರುತ್ತದೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಲು ಬಂದರೆ ಈ ಕೆಲಸ ಅರ್ಧ ದಿನದ್ದು. ಬರದಿದ್ದರೆ ಎಲ್ಲಿ ಕೆಟ್ಟಿದೆ ಅಂತ ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಸುಮ್ನೆ ಸಾಮಾನ್ಯ ಮಾತು ಹೇಳಿದರೆ ಅರ್ಥವಾಗುವುದು ಕಷ್ಟ. ಹಾಗಾಗಿ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ಅನ್ನೇ ಹಿಡಿದುಕೊಂಡು ಹೋಗೋಣ. ಇದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ಕಟ್ಟಿದ್ದು. ಇದರ ಸಮುದಾಯ ಆವೃತ್ತಿ ಉಚಿತ, ಹಳೇ ಪಿಸಿ ಮೇಲೂ ಓಡುತ್ತದೆ. ಇದರ ಬ್ಯಾಕಪ್ ತೆರೆದು ಓದಬಹುದಾದ ಫೈಲ್, ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ಕಣ್ಣಾರೆ ನೋಡಬಹುದು.

ಎಲ್ಲವೂ ಒಂದೇ ಫೈಲ್‌ನಲ್ಲಿ

ಪಿಎಫ್‌ಸೆನ್ಸ್‌ನ ಬೇರು ಮೊನೊವಾಲ್ ಎಂಬ ಹಳೇ ಯೋಜನೆಯಲ್ಲಿದೆ. ಮ್ಯಾನುಯಲ್ ಕ್ಯಾಸ್ಪರ್ 2003ರಲ್ಲಿ ಅದನ್ನು ಹೊರತಂದರು. ಆಗಿನ ಯುನಿಕ್ಸ್ ಯಂತ್ರಗಳಲ್ಲಿ ಒಂದೊಂದು ಸೇವೆಗೆ ಒಂದೊಂದು ಸೆಟ್ಟಿಂಗ್ಸ್ ಫೈಲ್. ಒಂದೊಂದರ ಬರವಣಿಗೆಯ ರೀತಿಯೂ ಬೇರೆ. ಕ್ಯಾಸ್ಪರ್ ಅದನ್ನೆಲ್ಲ ಬಿಟ್ಟು ಇಡೀ ವ್ಯವಸ್ಥೆಯ ಸೆಟ್ಟಿಂಗ್ಸನ್ನು ಒಂದೇ ಎಕ್ಸ್‌ಎಂಎಲ್ ಫೈಲ್‌ಗೆ ತಂದರು. ಯಂತ್ರ ಬೂಟ್ ಆಗುವಾಗ ಪಿಎಚ್‌ಪಿ ಪ್ರೋಗ್ರಾಂ ಆ ಫೈಲ್ ಓದಿ, ಉಳಿದದ್ದನ್ನೆಲ್ಲ ಅಲ್ಲೇ ಬರೆದುಕೊಳ್ಳುತ್ತದೆ. 2004ರಲ್ಲಿ ಮೊನೊವಾಲ್‌ನಿಂದ ಕವಲೊಡೆದ ಪಿಎಫ್‌ಸೆನ್ಸ್ ಇದೇ ದಾರಿ ಹಿಡಿಯಿತು. ಪಿಎಫ್‌ಸೆನ್ಸ್‌ನಿಂದ ಕವಲೊಡೆದು 2015ರ ಜನವರಿಯಲ್ಲಿ ಬಂದ ಓಪಿಎನ್‌ಸೆನ್ಸ್ ಕೂಡ ಅಷ್ಟೇ.

ಇದು ಬಹಳ ಒಳ್ಳೆಯ ತೀರ್ಮಾನ ಅಂತ ನನ್ನ ಅನಿಸಿಕೆ. ನೀವು ಬ್ರೌಸರ್‌ನಲ್ಲಿ ಒತ್ತುವ ಪ್ರತಿ ಬಟನ್ನೂ ಕೊನೆಗೆ ಆ ಫೈಲ್‌ನ ಯಾವುದೋ ಸಾಲಾಗುತ್ತದೆ. ಹಾಗಾಗಿ ಆ ಫೈಲ್ ಕೈಯಲ್ಲಿದ್ದರೆ ಬಾಕ್ಸ್‌ನ ಬುದ್ಧಿಯೆಲ್ಲ ಕೈಯಲ್ಲಿದ್ದ ಹಾಗೆ. ಡಯಾಗ್ನಾಸ್ಟಿಕ್ಸ್ ಮೆನುವಿನ ಬ್ಯಾಕಪ್ ಆ್ಯಂಡ್ ರಿಸ್ಟೋರ್ ಪುಟಕ್ಕೆ ಹೋಗಿ ಡೌನ್‌ಲೋಡ್ ಮಾಡಿದರೆ ಬರುವುದು ಇದೇ.

ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಇಂಟರ್‌ಫೇಸಸ್ ಎಂಬ ಭಾಗ ಹುಡುಕಿ. ಒಳಗೆ ವ್ಯಾನ್, ಲ್ಯಾನ್, ಆಪ್ಟ್1, ಆಪ್ಟ್2 ಎಂಬ ಹೆಸರುಗಳು ಸಿಗುತ್ತವೆ. ವ್ಯಾನ್ ಅಂದರೆ ಇಂಟರ್ನೆಟ್ ಬರುವ ಕಡೆ, ಲ್ಯಾನ್ ಅಂದರೆ ಆಫೀಸಿನ ಒಳಗಿನ ಕಡೆ. ಕ್ಯಾಮೆರಾಗಳಿಗೆ, ಅತಿಥಿಗಳ ವೈಫೈಗೆ ಬೇರೆ ಬೇರೆ ಜಾಲ ಮಾಡಿದ್ದರೆ ಅವು ಆಪ್ಟ್1, ಆಪ್ಟ್2. ಪ್ರತಿ ಹೆಸರಿನ ಕೆಳಗೂ ಒಂದು ಚಿಕ್ಕ ಸಾಲಿರುತ್ತದೆ: ಇಎಂ0, ಇಎಂ1, ಹೀಗೆ. ಅದು ಬಾಕ್ಸ್‌ನ ಹಿಂಬದಿಯ ನಿಜವಾದ ಪೋರ್ಟ್‌ಗೆ ಫ್ರೀಬಿಎಸ್‌ಡಿ ಇಟ್ಟ ಹೆಸರು.

ಈಗ ಫೈರ್‌ವಾಲ್ ರೂಲ್‌ಗಳಿರುವ ಭಾಗಕ್ಕೆ ಬನ್ನಿ. ಅಲ್ಲಿ ಇಎಂ0 ಅಂತ ಎಲ್ಲೂ ಸಿಗುವುದಿಲ್ಲ. ಪ್ರತಿ ರೂಲ್‌ನಲ್ಲೂ ವ್ಯಾನ್, ಲ್ಯಾನ್, ಆಪ್ಟ್1 ಅಂತಲೇ ಬರೆದಿರುತ್ತದೆ. ಇನ್ನೂರು ರೂಲ್ ಇದ್ದರೂ ಅಷ್ಟೇ. ವ್ಯಾನ್ ಅಂದರೆ ಯಾವ ಪೋರ್ಟ್ ಅನ್ನುವುದು ಒಂದೇ ಒಂದು ಕಡೆ ಇದೆ. ಇಡೀ ವರ್ಗಾವಣೆ ಸಾಧ್ಯವಾಗುವುದೇ ಇದರಿಂದ. ಆ ಒಂದು ಸಾಲು ತಿದ್ದಿದರೆ ಇನ್ನೂರು ರೂಲ್‌ಗಳೂ ಹೊಸ ಪೋರ್ಟ್ ಹಿಂದೆ ಹೋಗುತ್ತವೆ.

ಪೋರ್ಟ್‌ನ ಹೆಸರು ಬದಲಾಗುತ್ತದೆ

ಫ್ರೀಬಿಎಸ್‌ಡಿ ನೆಟ್‌ವರ್ಕ್ ಪೋರ್ಟ್‌ಗೆ ಹೆಸರಿಡುವುದು ಅದನ್ನು ನಡೆಸುವ ಡ್ರೈವರ್ ನೋಡಿ. ಇಂಟೆಲ್‌ನ ಹಳೇ ಗಿಗಾಬಿಟ್ ಚಿಪ್ ಆದರೆ ಇಎಂ, ಸ್ವಲ್ಪ ಮುಂದಿನದಾದರೆ ಐಜಿಬಿ, ಈಗಿನ 2.5 ಗಿಗಾಬಿಟ್‌ನ ಐ225, ಐ226 ಚಿಪ್‌ಗಳಾದರೆ ಐಜಿಸಿ. ರಿಯಲ್‌ಟೆಕ್ ಆದರೆ ಆರ್‌ಇ. ಪ್ರಾಕ್ಸ್‌ಮಾಕ್ಸ್‌ನಂಥ ವರ್ಚುವಲ್ ಯಂತ್ರದಲ್ಲಿ ವರ್ಟಿಯೋ ಕಾರ್ಡ್ ಕೊಟ್ಟರೆ ವಿಟಿನೆಟ್. ಕೊನೆಯಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ. ಹಳೇ ಬಾಕ್ಸ್‌ನಲ್ಲಿ ಇಎಂ0 ಇದ್ದದ್ದು ಹೊಸದರಲ್ಲಿ ಐಜಿಸಿ0 ಆಗಿರಬಹುದು.

ಸೈಟಿನ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆದಿರುತ್ತಾರಲ್ಲ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ. ಬೇರೆ ಸೈಟಿನಲ್ಲಿ ನಿಂತು ಅದೇ ಪತ್ರ ಓದಿದರೆ ಅದರಲ್ಲಿರುವ ರಸ್ತೆ ಎದುರಿಗಿರುವುದಿಲ್ಲ. ಹಳೇ ಫೈಲ್ ಅನ್ನು ಹೊಸ ಬಾಕ್ಸ್‌ಗೆ ಹಾಕಿದಾಗಲೂ ಅಷ್ಟೇ. ಫೈಲ್ ಹೇಳುವ ಇಎಂ0 ಅಲ್ಲಿಲ್ಲ.

ಇದು ಪಿಎಫ್‌ಸೆನ್ಸ್‌ಗೆ ಗೊತ್ತಾಗುತ್ತದೆ. ಬ್ರೌಸರ್‌ನಿಂದ ರಿಸ್ಟೋರ್ ಮಾಡಿದ್ದರೆ ಯಾವ ಪೋರ್ಟ್ ಯಾವುದಕ್ಕೆ ಅಂತ ಕೇಳುವ ಪುಟಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸರಿಪಡಿಸದೆ ರೀಬೂಟ್ ಮಾಡಿದರೆ ಬೂಟ್ ಆಗುವಾಗ ಅರ್ಧಕ್ಕೇ ನಿಂತು ಕನ್ಸೋಲ್‌ನಲ್ಲಿ, ಅಂದರೆ ಬಾಕ್ಸ್‌ಗೇ ನೇರವಾಗಿ ಜೋಡಿಸಿದ ಪರದೆಯಲ್ಲಿ, ಅದೇ ಪ್ರಶ್ನೆ ಕೇಳುತ್ತದೆ. ಮಾನಿಟರ್, ಕೀಬೋರ್ಡ್ ಇಲ್ಲದ ಬಾಕ್ಸ್ ಆದರೆ ಹೊರಗಿನಿಂದ ನೋಡುವವರಿಗೆ ಅದು ಸತ್ತಂತೆ ಕಾಣುತ್ತದೆ. ಅದು ಸತ್ತಿಲ್ಲ, ನಿಮ್ಮ ಉತ್ತರಕ್ಕೆ ಕಾಯುತ್ತಿದೆ. ಹಾಗಾಗಿ ಮಾನಿಟರ್ ಇಲ್ಲವೇ ಸೀರಿಯಲ್ ಕೇಬಲ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಕನ್ಸೋಲ್‌ನಲ್ಲಿ ಪೋರ್ಟ್ ತಾನಾಗಿ ಗುರುತಿಸುವ ಆಯ್ಕೆಯೂ ಇದೆ. ಅದು ಹೇಳಿದಾಗ ಕೇಬಲ್ ಚುಚ್ಚಿದರೆ, ಲಿಂಕ್ ಯಾವುದರಲ್ಲಿ ಬಂತು ಅಂತ ನೋಡಿ ತಾನೇ ಕಂಡುಕೊಳ್ಳುತ್ತದೆ.

ಇದಕ್ಕಿಂತ ಅಪಾಯದ್ದು ಹೆಸರು ಒಂದೇ ಇರುವುದು. ಹಳೇ ಬಾಕ್ಸ್‌ನಲ್ಲಿ ಐಜಿಬಿ0ದಿಂದ ಐಜಿಬಿ3ರ ತನಕ, ಹೊಸದರಲ್ಲಿ ಐಜಿಬಿ0ದಿಂದ ಐಜಿಬಿ5ರ ತನಕ ಇದೆ ಅಂದುಕೊಳ್ಳಿ. ಫೈಲ್ ಕೇಳುವ ಹೆಸರೆಲ್ಲ ಇವೆ. ಯಾವ ಪ್ರಶ್ನೆಯೂ ಬರದೆ ಬೂಟ್ ಆಗುತ್ತದೆ. ಆದರೆ ಐಜಿಬಿ0 ಅನ್ನುವುದು ಎಡಗಡೆಯ ಮೊದಲ ಸಾಕೆಟ್ ಅಂತ ಯಾರೂ ಮಾತು ಕೊಟ್ಟಿಲ್ಲ. ಬಾಕ್ಸ್ ಮೇಲೆ ಅಚ್ಚಾದ ಅಂಕಿಗೂ ಒಳಗಿನ ಅಂಕಿಗೂ ಹೊಂದಿಕೆ ಇಲ್ಲದ ಯಂತ್ರಗಳು ಬೇಕಾದಷ್ಟಿವೆ. ಲ್ಯಾನ್ ಆಗಿರುವ ಸಾಕೆಟ್‌ಗೆ ಇಂಟರ್ನೆಟ್ ಕೇಬಲ್ ಹೋದರೆ, ಆಫೀಸಿನ ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಕೊಡುವ ನಿಮ್ಮ ಡಿಎಚ್‌ಸಿಪಿ ಸರ್ವರ್ ಕಂಪನಿಯ ಲೈನ್ ಕಡೆಗೆ ಮುಖ ಮಾಡಿ ವಿಳಾಸ ಹಂಚಲು ಕೂರುತ್ತದೆ. ಮೊದಲೇ ಒಂದೊಂದೇ ಸಾಕೆಟ್‌ಗೆ ಕೇಬಲ್ ಹಾಕಿ, ಕನ್ಸೋಲ್‌ನಲ್ಲಿ ಯಾವುದರ ಲಿಂಕ್ ಬಂತು ಅಂತ ನೋಡಿ, ಬಾಕ್ಸ್ ಮೇಲೆ ಚೀಟಿ ಅಂಟಿಸಿಬಿಡಿ. ಐದು ನಿಮಿಷದ ಕೆಲಸ.

ಫೈಲ್ ತಿದ್ದುವವರು ಇದನ್ನು ನೋಡಿ

ಜಾಲ ಸರಳವಾಗಿದ್ದರೆ ಆ ಪುಟದಲ್ಲೇ ಪೋರ್ಟ್ ಆರಿಸಿ ಮುಗಿಸಬಹುದು. ವಿಲ್ಯಾನ್‌ಗಳಿದ್ದರೆ ವಿಷಯ ಬೇರೆ. ಒಂದೇ ಕೇಬಲ್‌ನಲ್ಲಿ ಹಲವು ಜಾಲ ಓಡಿಸುವ ವಿಲ್ಯಾನ್‌ಗೆ ತನ್ನದೇ ಭಾಗ ಫೈಲ್‌ನಲ್ಲಿದೆ. ಅಲ್ಲಿ ತಾಯಿ ಪೋರ್ಟ್ ಇಎಂ1, ವಿಲ್ಯಾನ್ ಅಂಕಿ 20, ಒಟ್ಟು ಹೆಸರು ಇಎಂ1 ಚುಕ್ಕೆ 20 ಅಂತ ಇರುತ್ತದೆ. ಪಿಪಿಪಿಒಇ ಮೇಲೆ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಲೈನ್ ಮೇಲೆ ಇಂಟರ್ನೆಟ್ ಬರುತ್ತಿದ್ದರೆ ಅದಕ್ಕೆ ಮತ್ತೊಂದು ಭಾಗ, ಅಲ್ಲೂ ಪೋರ್ಟ್‌ನ ಹೆಸರು. ಎರಡು ಪೋರ್ಟ್ ಕೂಡಿಸಿದ ಲ್ಯಾಗ್ ಇದ್ದರೆ ಅಲ್ಲೂ. ಇವೆಲ್ಲ ಇದ್ದಾಗ ರಿಸ್ಟೋರ್ ಮಾಡುವ ಮೊದಲೇ ಫೈಲ್‌ನಲ್ಲಿ ಹೆಸರು ತಿದ್ದಿಕೊಳ್ಳುವುದು ಒಳ್ಳೆಯದು.

ಇಲ್ಲಿ ಬಹಳ ಜನ ಫೈಂಡ್ ಆ್ಯಂಡ್ ರಿಪ್ಲೇಸ್ ಒತ್ತುತ್ತಾರೆ. ಇಎಂ0 ಹುಡುಕು, ಐಜಿಸಿ0 ಹಾಕು. ಸುಲಭವಾಗಿ ಕಾಣುತ್ತದೆ. ಆದರೆ ಫೈಲ್‌ನಲ್ಲಿ ಓದಲು ಬಾರದ ಉದ್ದುದ್ದ ಅಕ್ಷರಗಳ ರಾಶಿಯೂ ಇರುತ್ತದೆ. ವಿಪಿಎನ್‌ನವರ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್‌ಗಳು, ಅವುಗಳ ಖಾಸಗಿ ಕೀಗಳು, ಗ್ರಾಫ್‌ಗಳ ಹಳೇ ಡೇಟಾ, ಎಲ್ಲವೂ ಬೇಸ್64 ಎಂಬ ರೂಪದಲ್ಲಿ. ಬೇಸ್64ನಲ್ಲಿ ಬಳಸುವುದು 64 ಅಕ್ಷರ. ಅದರಲ್ಲಿ ಇಂಗ್ಲಿಷಿನ ಚಿಕ್ಕ ದೊಡ್ಡ ಅಕ್ಷರಗಳೂ ಇವೆ, ಅಂಕಿಗಳೂ ಇವೆ. ಇಎಂ0 ಅನ್ನುವುದು ಮೂರೇ ಅಕ್ಷರ. 64ನ್ನು 64ರಿಂದ, ಮತ್ತೆ 64ರಿಂದ ಗುಣಿಸಿದರೆ 2,62,144. ಅಂದರೆ ಸುಮಾರು ಎರಡೂವರೆ ಲಕ್ಷ ಅಕ್ಷರಕ್ಕೊಮ್ಮೆ ಈ ಮೂರು ಅಕ್ಷರ ಸುಮ್ನೆ ಅಕಸ್ಮಾತ್ತಾಗಿ ಜೊತೆಯಾಗಿ ಬರುತ್ತವೆ. ಗ್ರಾಫ್ ಡೇಟಾ ಸೇರಿದ ಬ್ಯಾಕಪ್‌ನಲ್ಲಿ ಲಕ್ಷಗಟ್ಟಲೆ ಅಕ್ಷರ ಇರಬಹುದು. ಅಲ್ಲೊಂದು ಕಡೆ ರಿಪ್ಲೇಸ್ ಆದರೆ ಆ ಡೇಟಾ ಹಾಳು. ಸರ್ಟಿಫಿಕೇಟ್‌ನ ಕೀಯೊಳಗೆ ಆದರೆ ಆ ಸರ್ಟಿಫಿಕೇಟ್ ನಂಬಿದ ವಿಪಿಎನ್ ಏಳುವುದಿಲ್ಲ, ಯಾಕೆ ಅಂತ ಕಂಡುಹಿಡಿಯುವುದೂ ಬಹಳ ಕಷ್ಟ.

ತಪ್ಪಿಸಿಕೊಳ್ಳುವ ದಾರಿ ಸುಲಭ. ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಮಾಹಿತಿಯ ಎರಡೂ ಬದಿಗೆ ಕೋನದ ಆವರಣ ಚಿಹ್ನೆ ಇರುತ್ತದೆ. ಹೆಸರನ್ನು ಆ ಚಿಹ್ನೆಗಳ ಸಮೇತ ಹುಡುಕಿ. ಬೇಸ್64ನಲ್ಲಿ ಆ ಚಿಹ್ನೆಗೆ ಜಾಗವೇ ಇಲ್ಲ, ಹಾಗಾಗಿ ಸರ್ಟಿಫಿಕೇಟ್ ಒಳಗೆ ಕೈ ಹೋಗುವುದಿಲ್ಲ. ವಿಲ್ಯಾನ್‌ಗಳ ಚುಕ್ಕೆ ಹೆಸರುಗಳನ್ನು ಆಮೇಲೆ ಒಂದೊಂದಾಗಿ ಕಣ್ಣಿಟ್ಟು ತಿದ್ದಿ. ಇನ್ನೊಂದು ಎಚ್ಚರಿಕೆ: ಐಜಿಬಿ0 ಮತ್ತು ಐಜಿಬಿ1 ಅದಲುಬದಲು ಆಗಬೇಕಿದ್ದರೆ ನೇರವಾಗಿ ಬದಲಿಸಬೇಡಿ. ಮೊದಲನೆಯದನ್ನು ಐಜಿಬಿ1 ಮಾಡಿದ ಕೂಡಲೇ ಎರಡೂ ಒಂದೇ ಆಗುತ್ತವೆ. ನಡುವೆ ಬೇರೆ ಯಾವುದಾದರೂ ತಾತ್ಕಾಲಿಕ ಹೆಸರು ಇಟ್ಟುಕೊಳ್ಳಿ.

ಕನ್ಸೋಲ್‌ನ ಬಗ್ಗೆಯೂ ಒಂದು ಮಾತು. ಮುಖ್ಯ ಕನ್ಸೋಲ್ ಸೀರಿಯಲ್ಲೋ ವಿಡಿಯೋವೋ ಅನ್ನುವ ಸೆಟ್ಟಿಂಗೂ ಫೈಲ್‌ನಲ್ಲೇ ಇದೆ. ಸೀರಿಯಲ್ ಬಳಸುತ್ತಿದ್ದ ಬಾಕ್ಸ್‌ನ ಫೈಲ್ ಅನ್ನು ಎಚ್‌ಡಿಎಂಐ ಇರುವ ಮಿನಿ ಪಿಸಿಗೆ ಹಾಕಿದರೆ, ಬೂಟ್ ಆಗುವಾಗ ಪರದೆ ನಡುವೆಯೇ ಸುಮ್ಮನಾಗುತ್ತದೆ. ಗಾಬರಿ ಬೀಳಬೇಕಿಲ್ಲ.

ವರ್ಚುವಲ್ ಯಂತ್ರಕ್ಕೆ ಹೋಗುವವರು ಹಾರ್ಡ್‌ವೇರ್ ಚೆಕ್‌ಸಮ್ ಆಫ್‌ಲೋಡ್ ಅನ್ನು, ಅಂದರೆ ಪ್ಯಾಕೆಟ್ ಸರಿಯಿದೆಯಾ ಅನ್ನುವ ಲೆಕ್ಕವನ್ನು ನೆಟ್‌ವರ್ಕ್ ಕಾರ್ಡ್‌ಗೇ ಬಿಡುವ ಸೆಟ್ಟಿಂಗನ್ನು, ಆಫ್ ಮಾಡಬೇಕು. ಹಳೇ ಬಾಕ್ಸ್‌ನಲ್ಲಿ ಅದು ಆನ್ ಇದ್ದರೂ ನಡೆಯುತ್ತಿತ್ತು, ವರ್ಟಿಯೋ ಕಾರ್ಡ್‌ನಲ್ಲಿ ಅದು ತೊಂದರೆ ಕೊಡುತ್ತದೆ. ಪಿಂಗ್ ಹೋಗುತ್ತದೆ, ವೆಬ್ ಪುಟ ತೆರೆಯುವುದಿಲ್ಲ ಅನ್ನುವ ವಿಚಿತ್ರ ಸ್ಥಿತಿ ಬಂದರೆ ಮೊದಲು ನೋಡಬೇಕಾದ್ದು ಇಲ್ಲೇ.

ಆವೃತ್ತಿಯ ಮೆಟ್ಟಿಲು

ಫೈಲ್‌ನ ಮೇಲ್ಭಾಗದಲ್ಲಿ ಒಂದು ಆವೃತ್ತಿ ಅಂಕಿ ಇರುತ್ತದೆ. ಅದು ಸಾಫ್ಟ್‌ವೇರ್‌ನ ಆವೃತ್ತಿ ಅಲ್ಲ, ಫೈಲ್‌ನ ರಚನೆಯ ಆವೃತ್ತಿ. ಹಳೇ ರಚನೆಯ ಫೈಲ್ ಅನ್ನು ಹೊಸ ಪಿಎಫ್‌ಸೆನ್ಸ್‌ಗೆ ಕೊಟ್ಟರೆ ಅದು ಒಂದೊಂದೇ ಮೆಟ್ಟಿಲು ಹತ್ತಿಸುತ್ತಾ ಬರುತ್ತದೆ. ಪ್ರತಿ ಮೆಟ್ಟಿಲಿಗೂ ಒಳಗೆ ಒಂದು ಫಂಕ್ಷನ್ ಬರೆದಿಟ್ಟಿದ್ದಾರೆ. ಬಹಳ ಹಳೇ ಫೈಲ್ ಕೂಡ ಹೀಗೆ ಮೇಲೆ ಬರುತ್ತದೆ. ಆದರೆ ಇಳಿಯುವ ಮೆಟ್ಟಿಲು ಇಲ್ಲ. ಹೊಸ ಆವೃತ್ತಿಯ ಫೈಲ್ ಅನ್ನು ಹಳೇ ಆವೃತ್ತಿಗೆ ಹಾಕಬಾರದು.

ಮೆಟ್ಟಿಲು ಹತ್ತಿಸುವುದರಿಂದ ರಚನೆ ಸರಿಹೋಗುತ್ತದೆ, ಎಲ್ಲವೂ ಓಡುತ್ತದೆ ಅಂತಲ್ಲ. 2023ರಲ್ಲಿ ಬಂದ 2.7ನೇ ಆವೃತ್ತಿಯಲ್ಲಿ ಐಪಿಸೆಕ್ ವಿಪಿಎನ್‌ನಿಂದ 3ಡಿಇಎಸ್, ಬ್ಲೋಫಿಶ್‌ನಂಥ ಹಳೇ ಗೂಢಲಿಪಿ ವಿಧಾನಗಳನ್ನು ತೆಗೆದರು. ಸಂದೇಶ ತಿದ್ದಿಲ್ಲ ಅಂತ ಪರೀಕ್ಷಿಸುವ ಹಳೇ ವಿಧಾನವಾದ ಎಂಡಿ5 ಕೂಡ ಹೋಯಿತು. ಅದಾದ ಮೇಲೆ ಬಂದ 2.7.1ರಲ್ಲಿ ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನ 3ನೇ ಆವೃತ್ತಿ ಬಂತು. ಎಸ್‌ಎಚ್‌ಎ1 ಎಂಬ ಹಳೇ ವಿಧಾನದಿಂದ ಸಹಿಯಾದ ಹಳೇ ಸರ್ಟಿಫಿಕೇಟ್‌ಗಳನ್ನು ಅದು ಒಪ್ಪುವುದಿಲ್ಲ. ಹತ್ತು ವರ್ಷದ ಹಿಂದೆ ಮಾಡಿದ ವಿಪಿಎನ್ ಅದೇ ಹಳೇ ವಿಧಾನದ ಮೇಲೆ ನಿಂತಿದ್ದರೆ, ಫೈಲ್ ಚೆನ್ನಾಗಿ ಲೋಡ್ ಆಗುತ್ತದೆ, ವಿಪಿಎನ್ ಮಾತ್ರ ಏಳುವುದಿಲ್ಲ.

ಹಾಗಾಗಿ ಯಂತ್ರ ಮತ್ತು ಆವೃತ್ತಿ ಎರಡನ್ನೂ ಒಂದೇ ದಿನ ಬದಲಿಸಬೇಡಿ. ಹಳೇ ಬಾಕ್ಸ್ ಇನ್ನೂ ಗಟ್ಟಿಯಾಗಿದ್ದರೆ ಅದನ್ನೇ ಮೊದಲು ಹೊಸ ಆವೃತ್ತಿಗೆ ಏರಿಸಿ. ಒಂದೆರಡು ವಾರ ಓಡಲಿ. ಆವೃತ್ತಿಯಿಂದ ಆಗುವ ತೊಂದರೆಗಳು ಅಲ್ಲೇ ಹೊರಬರುತ್ತವೆ. ಆಮೇಲೆ ಬ್ಯಾಕಪ್ ತೆಗೆದು ಹೊಸ ಯಂತ್ರಕ್ಕೆ ಹೋಗಿ. ಆಗ ಏನಾದರೂ ಕೆಟ್ಟರೆ ಕಾರಣ ಯಂತ್ರವೇ ಅಂತ ಗೊತ್ತಿರುತ್ತದೆ. ಹೊಸ ಯಂತ್ರದಲ್ಲೇ ಹಳೇ ಆವೃತ್ತಿ ಹಾಕಿ ಆಮೇಲೆ ಏರಿಸುತ್ತೇನೆ ಅನ್ನುವ ಲೆಕ್ಕಾಚಾರ ಎಲ್ಲ ಸಲ ನಡೆಯುವುದಿಲ್ಲ. ಪಿಎಫ್‌ಸೆನ್ಸ್ 2.4 ನಿಂತಿದ್ದು ಫ್ರೀಬಿಎಸ್‌ಡಿ 11ರ ಮೇಲೆ. ಅದರಲ್ಲಿ ಐಜಿಸಿ ಡ್ರೈವರ್ ಇಲ್ಲ, ಹಾಗಾಗಿ ಈಗಿನ 2.5 ಗಿಗಾಬಿಟ್ ಪೋರ್ಟ್‌ಗಳು ಅದರ ಕಣ್ಣಿಗೇ ಬೀಳುವುದಿಲ್ಲ.

ಪಿಎಫ್‌ಸೆನ್ಸ್‌ನ ಫೈಲ್ ಅನ್ನು ಓಪಿಎನ್‌ಸೆನ್ಸ್‌ಗೆ ಹಾಕಬಹುದಾ ಅಂತ ಕೇಳುವವರಿದ್ದಾರೆ. ಬೇರು ಒಂದೇ ಆದರೂ ಇಷ್ಟು ವರ್ಷದಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದಿವೆ. ಇಡೀ ಫೈಲ್ ಹಾಕಿ ಕೆಲಸವಾಗಲಿ ಅಂತ ಕಾಯಬೇಡಿ. ಅದು ಕೈಯಾರೆ ಮತ್ತೆ ಕಟ್ಟುವ ಕೆಲಸ.

ಫೈಲ್‌ನಲ್ಲಿ ಇಲ್ಲದ್ದು

ಪ್ಯಾಕೇಜ್‌ಗಳ, ಅಂದರೆ ನೀವು ಆಮೇಲೆ ಸೇರಿಸಿಕೊಂಡ ಹೆಚ್ಚುವರಿ ಪ್ರೋಗ್ರಾಂಗಳ ಸೆಟ್ಟಿಂಗ್ಸ್ ಫೈಲ್‌ನಲ್ಲಿರುತ್ತವೆ, ಪ್ಯಾಕೇಜ್‌ಗಳೇ ಇರುವುದಿಲ್ಲ. ರಿಸ್ಟೋರ್ ಆದ ಮೇಲೆ ಹೊಸ ಬಾಕ್ಸ್ ಇಂಟರ್ನೆಟ್‌ನಿಂದ ಅವನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಇಲ್ಲೇ ಒಂದು ತೊಡಕು. ಮೇಜಿನ ಮೇಲೆ ಬರೀ ಲ್ಯಾಪ್‌ಟಾಪ್ ಜೋಡಿಸಿ ರಿಸ್ಟೋರ್ ಮಾಡಿದರೆ ಇಂಟರ್ನೆಟ್ ಇರುವುದಿಲ್ಲ, ಪ್ಯಾಕೇಜ್ ಬರುವುದಿಲ್ಲ. ಹಾಗಂತ ಹೊಸ ಬಾಕ್ಸ್‌ನ ವ್ಯಾನ್ ಅನ್ನು ಆಫೀಸಿನ ಈಗಿನ ಜಾಲಕ್ಕೇ ಚುಚ್ಚಿದರೆ ಎರಡೂ ಕಡೆ ಒಂದೇ ವಿಳಾಸ ಸಾಲು ಬರುತ್ತದೆ. ಹೊಸ ಬಾಕ್ಸ್‌ನ ಲ್ಯಾನ್ ಕೂಡ ಅದೇ ಆಫೀಸಿನ ಜಾಲದ ನಕಲು ತಾನೇ? ಆಗ ಪ್ಯಾಕೆಟ್ ಎತ್ತ ಹೋಗಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಬೇರೆ ವಿಳಾಸ ಸಾಲು ಕೊಡುವ ಇನ್ನೊಂದು ಲೈನ್ ಇದ್ದರೆ, ವ್ಯಾನ್ ಅನ್ನು ತಾತ್ಕಾಲಿಕವಾಗಿ ಡಿಎಚ್‌ಸಿಪಿಗೆ ಹಾಕಿ ಬಳಸಿ. ಇಲ್ಲದಿದ್ದರೆ ನಿಜವಾದ ಲೈನ್‌ಗೆ ಹಾಕಿದ ಮೇಲೆ ಬ್ಯಾಕಪ್ ಪುಟದಲ್ಲೇ ಇರುವ ರೀಇನ್‌ಸ್ಟಾಲ್ ಪ್ಯಾಕೇಜಸ್ ಬಟನ್ ಒತ್ತಿ, ಮುಗಿಯುವ ತನಕ ರೀಬೂಟ್ ಮಾಡದೆ ಕಾಯಿರಿ.

ಯಾರೋ ಕಮಾಂಡ್ ಲೈನ್‌ಗೆ ಹೋಗಿ ಕೈಯಾರೆ ಇಟ್ಟ ಸ್ಕ್ರಿಪ್ಟ್‌ಗಳು, ಬೂಟ್ ಆಗುವಾಗ ಓದುವ ಲೋಡರ್ ಫೈಲ್‌ಗೆ ಸೇರಿಸಿದ ಸಾಲುಗಳು ಬ್ಯಾಕಪ್‌ನಲ್ಲಿ ಬರುವುದಿಲ್ಲ. ಹಳೇ ಬಾಕ್ಸ್ ಆರಿಸುವ ಮೊದಲು ಅವನ್ನು ಹುಡುಕಿ ತೆಗೆದಿಟ್ಟುಕೊಳ್ಳಿ. ಡಿಎಚ್‌ಸಿಪಿ ಯಾರಿಗೆ ಯಾವ ವಿಳಾಸ ಕೊಟ್ಟಿದೆ ಅನ್ನುವ ಪಟ್ಟಿ ಬೇಕಿದ್ದರೆ ಹೆಚ್ಚುವರಿ ಡೇಟಾ ಸೇರಿಸುವ ಗುರುತನ್ನು ಬ್ಯಾಕಪ್ ತೆಗೆಯುವಾಗಲೇ ಹಾಕಬೇಕು. ಹಾಕದಿದ್ದರೆ ದೊಡ್ಡ ನಷ್ಟವೇನಿಲ್ಲ. ಕಾದಿರಿಸದ ಪ್ರಿಂಟರ್‌ಗೆ ಬೇರೆ ವಿಳಾಸ ಬಂದು ಬೆಳಿಗ್ಗೆ ಒಂದಷ್ಟು ಫೋನ್ ಬರಬಹುದು.

ಇನ್ನು ನೆರೆಹೊರೆಯ ಯಂತ್ರಗಳ ನೆನಪು. ನಮ್ಮಲ್ಲಿ ಎಷ್ಟೋ ಕೇಬಲ್ ಆಪರೇಟರ್‌ಗಳು ಮ್ಯಾಕ್ ಬೈಂಡಿಂಗ್ ಮಾಡಿರುತ್ತಾರೆ. ಮ್ಯಾಕ್ ಅಡ್ರೆಸ್ ಅಂದರೆ ಪ್ರತಿ ಪೋರ್ಟ್‌ಗೂ ಇರುವ ಸ್ವಂತ ಗುರುತಿನ ಅಂಕಿ. ಹಳೇ ಬಾಕ್ಸ್‌ನ ಪೋರ್ಟ್‌ಗೆ ಇರುವ ಅಡ್ರೆಸ್ ಬಂದರೆ ಮಾತ್ರ ಲೈನ್ ಬಿಡುತ್ತಾರೆ. ಹೊಸ ಬಾಕ್ಸ್‌ನ ಅಡ್ರೆಸ್ ಬೇರೆ, ಲೈನ್ ಬರುವುದಿಲ್ಲ. ನೀವು ಸೆಟ್ಟಿಂಗ್ಸ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಆಪರೇಟರ್‌ಗೆ ಮೊದಲೇ ಹೇಳಿ, ಇಲ್ಲವೇ ವ್ಯಾನ್ ಸೆಟ್ಟಿಂಗ್‌ನಲ್ಲಿ ಹಳೇ ಮ್ಯಾಕ್ ಅಡ್ರೆಸ್ ಬರೆಯಿರಿ. ಹಾಗೆ ಬರೆದ ಮೇಲೆ ಎರಡು ಬಾಕ್ಸ್‌ಗಳನ್ನೂ ಒಟ್ಟಿಗೆ ಲೈನ್‌ಗೆ ಹಾಕಬಾರದು.

ಸ್ಟಾಟಿಕ್ ಐಪಿ, ಅಂದರೆ ಬದಲಾಗದ ಐಪಿ ಇರುವ ಕಡೆ ಇನ್ನೊಂದು ರೀತಿಯ ನೆನಪು. ಆ ಕಡೆಯ ರೌಟರ್ ನಿಮ್ಮ ಐಪಿಗೆ ಇಂಥ ಮ್ಯಾಕ್ ಅಂತ ಎಆರ್‌ಪಿ ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ. ಸಿಸ್ಕೋ ರೌಟರ್‌ಗಳಲ್ಲಿ ಆ ಪಟ್ಟಿಯ ಆಯಸ್ಸು ಮೊದಲಿನಿಂದಲೇ 4 ಗಂಟೆ ಅಂತ ಇಟ್ಟಿರುತ್ತಾರೆ. ಹೊಸ ಬಾಕ್ಸ್ ಹಾಕಿದ ಮೇಲೆ ಕೆಲವು ಐಪಿಗಳು ನಡೆದು ಕೆಲವು ನಡೆಯದೇ ಇದ್ದರೆ, ಗಂಟೆಗಳಾದ ಮೇಲೆ ತಾನಾಗಿ ಸರಿಹೋದರೆ, ಕಾರಣ ಬಹುತೇಕ ಇದೇ. ಆ ಕಡೆಯ ಉಪಕರಣ ನಿಮ್ಮ ಕೈಯಲ್ಲಿದ್ದರೆ ಒಮ್ಮೆ ಆರಿಸಿ ಹಚ್ಚಿದರೆ ಮುಗಿಯಿತು. ಐಪಿವಿ6 ಬಳಸುವವರಿಗೆ ಡಿಯುಐಡಿ ಎಂಬ ಗುರುತು ಹೀಗೇ ಕಾಡುತ್ತದೆ. ಕಂಪನಿ ಕೊಡುವ ವಿಳಾಸ ಸಾಲು ಅದರ ಮೇಲೆ ನಿಂತಿರಬಹುದು. ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನ ನೆಟ್‌ವರ್ಕಿಂಗ್ ಪುಟದಲ್ಲಿ ಹಳೆಯದನ್ನು ಬರೆದಿಡುವ ಜಾಗವಿದೆ.

ಗುಟ್ಟಿನ ಮಾತು

ಬ್ಯಾಕಪ್ ಫೈಲ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸುವುದನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಲಾಗಿನ್ ಪಾಸ್‌ವರ್ಡ್‌ಗಳು ಅದರಲ್ಲಿ ಹ್ಯಾಶ್ ರೂಪದಲ್ಲಿವೆ, ಅಂದರೆ ನೇರವಾಗಿ ಬಿಡಿಸಿ ಓದಲು ಬಾರದ ರೂಪದಲ್ಲಿವೆ, ನಿಜ. ಆದರೆ ಐಪಿಸೆಕ್ ವಿಪಿಎನ್‌ನ ಹಂಚಿಕೆಯ ಕೀ ಇದ್ದದ್ದು ಇದ್ದ ಹಾಗೇ ಓದಲು ಸಿಗುತ್ತದೆ. ಪಿಪಿಪಿಒಇ ಪಾಸ್‌ವರ್ಡ್ ಬೇಸ್64ನಲ್ಲಿದೆ. ಬೇಸ್64 ಬೀಗ ಅಲ್ಲ, ಯಾರು ಬೇಕಾದರೂ ಒಂದು ಕ್ಷಣದಲ್ಲಿ ಬಿಡಿಸಬಹುದು. ಆಫೀಸಿನ ಸ್ವಂತ ಸರ್ಟಿಫಿಕೇಟ್ ಅಥಾರಿಟಿಯ ಖಾಸಗಿ ಕೀ ಕೂಡ ಅದರಲ್ಲೇ ಇರುತ್ತದೆ. ಅದು ಸಿಕ್ಕವರು ನಿಮ್ಮ ವಿಪಿಎನ್‌ಗೆ ತಾವೇ ಹೊಸ ಸರ್ಟಿಫಿಕೇಟ್ ಮಾಡಿಕೊಳ್ಳಬಹುದು. ಬ್ಯಾಕಪ್ ತೆಗೆಯುವಾಗಲೇ ಎನ್‌ಕ್ರಿಪ್ಟ್ ಮಾಡುವ ಗುರುತಿದೆ, ಅದನ್ನು ಹಾಕಿ. ಪಾಸ್‌ವರ್ಡ್ ಬೇರೆ ಕಡೆ ಬರೆದಿಡಿ.

ಬ್ಯಾಕಪ್ ಅನ್ನು ತಾನಾಗಿ ಇಂಟರ್ನೆಟ್‌ನಲ್ಲಿ ಇಡುವ ಪಿಎಫ್‌ಸೆನ್ಸ್‌ನ ಆಟೋ ಕಾನ್ಫಿಗ್ ಬ್ಯಾಕಪ್ ಸೇವೆ ಬಳಸುತ್ತಿದ್ದರೆ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಜೊತೆಗೆ ಡಿವೈಸ್ ಕೀಯನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಹಳೇ ಆವೃತ್ತಿಗಳಲ್ಲಿ ಆ ಕೀ, ದೂರದಿಂದ ಲಾಗಿನ್ ಆಗಲು ಬಾಕ್ಸ್‌ನಲ್ಲಿರುವ ಎಸ್‌ಎಸ್‌ಎಚ್ ಕೀಯಿಂದ ಹುಟ್ಟುತ್ತಿತ್ತು. ಹೊಸ ಬಾಕ್ಸ್‌ನದು ಬೇರೆ. ಹಳೇ ಬಾಕ್ಸ್ ಸತ್ತ ಮೇಲೆ ಅದನ್ನು ಹುಡುಕಲು ಹೊರಟರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಬೇರೆ ಕಂಪನಿಗಳ ಬಾಕ್ಸ್‌ಗಳಲ್ಲೂ ಇದೇ ಪ್ರಶ್ನೆಗಳು, ಉತ್ತರ ಬೇರೆ. ಮೈಕ್ರೋಟಿಕ್‌ನಲ್ಲಿ ಎರಡು ದಾರಿಗಳಿವೆ. ಬ್ಯಾಕಪ್ ಎಂಬುದು ಬೈನರಿ ಫೈಲ್, ಅದೇ ಯಂತ್ರಕ್ಕೆ ಮರಳಿಸಲು ಮಾಡಿದ್ದು. ಅದನ್ನು ಬೇರೆ ರೌಟರ್‌ಗೆ ಹಾಕಿದರೆ ಹಳೇ ಮ್ಯಾಕ್ ಅಡ್ರೆಸ್‌ಗಳೂ ಬಂದು ಕೂರುತ್ತವೆ. ಬೇರೆ ಮಾಡೆಲ್‌ಗೆ ಹೋಗಲು ಬೇಕಾದ್ದು ಎಕ್ಸ್‌ಪೋರ್ಟ್. ಅದು ಓದಬಹುದಾದ ಕಮಾಂಡ್‌ಗಳ ಪಟ್ಟಿ. ಆದರೆ ರೌಟರ್‌ಓಎಸ್ 7ರಲ್ಲಿ ಶೋ-ಸೆನ್ಸಿಟಿವ್ ಅಂತ ಸೇರಿಸದಿದ್ದರೆ ವೈಫೈ, ವಿಪಿಎನ್ ಪಾಸ್‌ವರ್ಡ್‌ಗಳು ಅದರಲ್ಲಿ ಬರುವುದಿಲ್ಲ. ರೌಟರ್‌ಗೆ ಲಾಗಿನ್ ಆಗುವವರ ಪಾಸ್‌ವರ್ಡ್, ಸರ್ಟಿಫಿಕೇಟ್‌ಗಳು ಹೇಗೂ ಬರುವುದಿಲ್ಲ. ಫೋರ್ಟಿಗೇಟ್ ಫೈಲ್‌ನ ಮೊದಲ ಸಾಲಿನಲ್ಲೇ ಮಾಡೆಲ್ ಮತ್ತು ಬಿಲ್ಡ್ ಅಂಕಿ ಬರೆದಿರುತ್ತದೆ. ಎಫ್5ನ ಬಿಗ್-ಐಪಿಯಲ್ಲಿ ಗುಟ್ಟುಗಳು ಆಯಾ ಯಂತ್ರದ ಮಾಸ್ಟರ್ ಕೀಯಿಂದ ಎನ್‌ಕ್ರಿಪ್ಟ್ ಆಗಿರುತ್ತವೆ. ಆ ಕೀ ಮೊದಲು ಹೊಸ ಯಂತ್ರಕ್ಕೆ ಹೋಗದಿದ್ದರೆ ಫೈಲ್ ಪೂರ್ತಿ ಇದ್ದರೂ ಅದರ ಗುಟ್ಟು ಬಿಚ್ಚಲು ಆಗುವುದಿಲ್ಲ.

ಬದಲಿಸುವ ದಿನ

ಹಳೇ ಬಾಕ್ಸ್ ಇನ್ನೂ ಓಡುತ್ತಿರುವಾಗಲೇ ಅದರ ಸ್ಥಿತಿಯ ಸಾಕ್ಷಿ ತೆಗೆದಿಟ್ಟುಕೊಳ್ಳಿ. ಯಾವ ವಿಪಿಎನ್‌ಗಳು ಎದ್ದಿವೆ, ರೌಟ್ ಪಟ್ಟಿ ಹೇಗಿದೆ, ಯಾವ ಪೋರ್ಟ್‌ಗೆ ಯಾವ ಮ್ಯಾಕ್, ಎಲ್ಲದರ ಸ್ಕ್ರೀನ್‌ಶಾಟ್. ಆಮೇಲೆ ಇದು ಮೊದಲು ನಡೆಯುತ್ತಿತ್ತಾ ಇಲ್ವಾ ಅನ್ನುವ ಜಗಳ ಬಂದಾಗ ಇವೇ ಉತ್ತರ. ಕೊನೇ ಬ್ಯಾಕಪ್ ತೆಗೆದ ಮೇಲೆ ಹಳೇ ಬಾಕ್ಸ್‌ನಲ್ಲಿ ಯಾರೂ ಏನೂ ಬದಲಿಸಬಾರದು ಅಂತ ಎಲ್ಲರಿಗೂ ಹೇಳಿ.

ಹೇಗೂ ಬದಲಿಸುತ್ತಿದ್ದೇವೆ, ಬೇಡದ ಹಳೇ ರೂಲ್‌ಗಳನ್ನೂ ಕಿತ್ತು ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಅವತ್ತು ಬೇಡ. ಅವತ್ತು ಕೆಟ್ಟದ್ದು ಯಂತ್ರದಿಂದಲೋ ನಿಮ್ಮ ಸ್ವಚ್ಛತೆಯಿಂದಲೋ ಅಂತ ಗೊತ್ತಾಗುವುದಿಲ್ಲ. ಹಿಂದಿನ ತಿಂಗಳೇ ಮಾಡಿ, ಇಲ್ಲವೇ ಮುಂದಿನ ತಿಂಗಳು.

ಹೊಸ ಬಾಕ್ಸ್ ಓಡಿದ ಮೇಲೆ ಎಲ್ಲರೂ ಪರೀಕ್ಷೆ ಮಾಡುವುದು ತೆರೆದುಕೊಳ್ಳಬೇಕಾದ್ದನ್ನು. ವೆಬ್‌ಸೈಟ್ ಬರುತ್ತದಾ, ಟ್ಯಾಲಿ ನಡೆಯುತ್ತದಾ, ಬ್ರಾಂಚ್‌ನವರು ಸರ್ವರ್ ಮುಟ್ಟುತ್ತಾರಾ. ಇವೆಲ್ಲ ನೋಡಲೇಬೇಕು. ಆದರೆ ಎಲ್ಲ ಬಾಗಿಲೂ ತೆರೆದಿಟ್ಟ ಫೈರ್‌ವಾಲ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಮುಚ್ಚಿರಬೇಕಾದ್ದನ್ನೂ ತಟ್ಟಿ ನೋಡಿ. ಅತಿಥಿ ವೈಫೈಗೆ ಸೇರಿ ಲೆಕ್ಕಪತ್ರದ ಕಂಪ್ಯೂಟರ್ ಸಿಗುತ್ತದಾ ನೋಡಿ. ಸಿಗಬಾರದು. ಮೊಬೈಲ್ ಡೇಟಾದಿಂದ ನಿಮ್ಮ ಪಬ್ಲಿಕ್ ಐಪಿಗೆ ಹೋಗಿ ಫೈರ್‌ವಾಲ್‌ನ ಲಾಗಿನ್ ಪುಟ ಬರುತ್ತದಾ ನೋಡಿ. ಬರಬಾರದು. ಕ್ಯಾಮೆರಾಗಳ ಜಾಲದಿಂದ ಇಂಟರ್ನೆಟ್‌ಗೆ ಹೋಗಲು ಬಿಟ್ಟಿರಲಿಲ್ಲ ಅಂದರೆ ಅದನ್ನೂ ನೋಡಿ. ಪೋರ್ಟ್ ಅದಲುಬದಲು ಆಗಿದ್ದರೆ ಸಿಕ್ಕಿಬೀಳುವುದು ಇಂಥ ಕಡೆ.

ಹಳೇ ಬಾಕ್ಸ್ ಅನ್ನು ಅವತ್ತೇ ಅಳಿಸಬೇಡಿ. ಕೇಬಲ್ ಕಿತ್ತು, ಇದ್ದ ಹಾಗೇ ಪಕ್ಕದಲ್ಲಿಡಿ. ಹೊಸದು ಕೈಕೊಟ್ಟರೆ ಕೇಬಲ್ ವಾಪಸ್ ಚುಚ್ಚಿದರೆ ಸಾಕು, ಹತ್ತು ನಿಮಿಷದಲ್ಲಿ ಆಫೀಸು ಮೊದಲಿನಂತೆ ನಡೆಯುತ್ತದೆ. ತಿಂಗಳ ಕೊನೆಯ ಕೆಲಸ, ಸಂಬಳದ ಕೆಲಸ ಎಲ್ಲ ಒಂದು ಸುತ್ತು ಹೊಸ ಬಾಕ್ಸ್ ಮೇಲೆ ಮುಗಿಯಲಿ. ಅದಾದ ಮೇಲೆ ಹಳೆಯದರ ಡಿಸ್ಕ್ ಪೂರ್ತಿ ಅಳಿಸಿ, ಆಮೇಲಷ್ಟೇ ಗುಜರಿಗೋ ಇನ್ನೊಬ್ಬರಿಗೋ ಕೊಡಿ. ಅಳಿಸದೆ ಕೊಟ್ಟರೆ ವಿಪಿಎನ್ ಕೀಗಳು, ಪಾಸ್‌ವರ್ಡ್‌ಗಳು, ಸರ್ಟಿಫಿಕೇಟ್ ಅಥಾರಿಟಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ.